ಕೂಲಿಂಗ್ ಪೇಪರ್: ಪಿ.ಬಿ. ರಸ್ತೆಯ ಕಪ್ಪು ಗಾಜಿನ ಕಥೆ

ಭಾಗ 1

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಇದಕ್ಕೆ ಟಿಂಟ್ ಫಿಲ್ಮ್ ಅಂತ ಯಾರೂ ಅನ್ನೋದಿಲ್ಲ. ಕೂಲಿಂಗ್ ಪೇಪರ್! ಅದು ಪೇಪರೂ ಅಲ್ಲ, ಬಹಳ ಸಲ ಕೂಲಿಂಗೂ ಅಲ್ಲ. ಆದರೆ ಹೆಸರು ಮಾತ್ರ ಗಾಜಿಗಿಂತ ಗಟ್ಟಿಯಾಗಿ ಬಾಯಿಗೆ ಅಂಟಿಕೊಂಡಿದೆ. "ಗಾಡಿಗೆ ಪೇಪರ್ ಹಚ್ಚಿಸೀರೇನ್ರಿ?" ಅಂದರೆ ಸಾಕು, ಎಲ್ಲರಿಗೂ ತಿಳೀತು.

ಬಿಸಿಲಿಗೆ ಅಂತ ಹಚ್ಚಿದ ಈ ಹಾಳೆ ಹೇಗೆ ಮರೆಗೆ ಅಂತ ಆಯ್ತು, ಒಂದೇ ವಾರದಲ್ಲಿ ಇಡೀ ದೇಶದಲ್ಲಿ ಅದನ್ನ ಯಾಕೆ ಕೀಳಬೇಕಾಯ್ತು, ಈಗ ಮತ್ತೆ ಯಾವ ಬಾಗಿಲಿನಿಂದ ಒಳಗೆ ಬರ್ತಾ ಇದೆ ಅನ್ನೋದು ಈ ಸಲದ ಸರಣಿ. ಇದು ಬರೀ ಕಾರ್ ಡೆಕೋರೇಷನ್ ವಿಷಯ ಅಲ್ಲ. ರಸ್ತೆ ಮೇಲೆ ಯಾರು ಯಾರಿಗೆ ಕಾಣಬೇಕು ಅನ್ನೋ ಜಗಳದ ಇತಿಹಾಸ.

ಪೇಪರ್‌ಗಿಂತ ಮೊದಲು ಪರದೆ ಇತ್ತು. ಹಾವೇರಿ ಜಿಲ್ಲೆ ಆಗಿದ್ದು 1997ರ ಆಗಸ್ಟ್‌ನಲ್ಲಿ. ಅಲ್ಲಿತನಕ ನಮಗೆ ಜಿಲ್ಲೆ ಅಂದ್ರ ಧಾರವಾಡ. ದೊಡ್ಡ ಸಾಹೇಬರು ಬರೋದು ಅಲ್ಲಿಂದ, ಬಿಳಿ ಅಂಬಾಸಿಡರ್‌ನಲ್ಲಿ. ಹಿಂದಿನ ಸೀಟಿನ ಕಿಟಕಿಗಳಿಗೆ ಸ್ಪ್ರಿಂಗ್ ತಂತಿಯಲ್ಲಿ ಪೋಣಿಸಿದ ಪುಟ್ಟ ಪರದೆ. ಪರದೆ ಇದ್ದರೆ ಒಳಗೆ ದೊಡ್ಡವರು ಅಂತ ಲೆಕ್ಕ. ಬಿಸಿಲೂ ತಡೀತಿತ್ತು, ಅರ್ಜಿ ಹಿಡಿದು ಕಾಯ್ತಾ ನಿಂತವರ ಕಣ್ಣೂ ತಡೀತಿತ್ತು. ಎರಡನ್ನೂ ಒಂದೇ ಬಟ್ಟೆ ಮಾಡ್ತಿತ್ತು ಅನ್ನೋದನ್ನ ನೆನಪಿಡ್ರಿ, ಮುಂದೆ ಬೇಕಾಗ್ತದ.

ಉಳಿದವರಿಗೆ? ಅಂಬಾಸಿಡರ್‌ಗೂ ಪ್ರೀಮಿಯರ್ ಪದ್ಮಿನಿಗೂ ಮುಂದಿನ ಬಾಗಿಲಲ್ಲಿ ಒಂದು ತ್ರಿಕೋನದ ಸಣ್ಣ ಗಾಜು ಇರ್ತಿತ್ತು. ಅದನ್ನ ತಿರುಗಿಸಿದರೆ ಓಡೋ ಗಾಡಿಯ ಗಾಳಿ ನೇರ ಎದೆಗೆ. ಏಸಿ ಇಲ್ಲದ ಕಾಲದ ಏಸಿ ಅದೇ. ಆಮೇಲೆ ಬಂದ ಕಾರುಗಳಲ್ಲಿ ಆ ಗಾಜು ಮಾಯವಾಯ್ತು, ಬಿಸಿಲು ಮಾತ್ರ ಇದ್ದಲ್ಲೇ ಉಳೀತು.

ಭಾಗ 2

ಈಗ ಆ ಹಾಳೆಯ ಹುಟ್ಟು.

1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅನ್ನೋ ಇಬ್ಬರು ರಸಾಯನ ವಿಜ್ಞಾನಿಗಳು ಪಿಇಟಿ ಅನ್ನೋ ಪಾಲಿಯೆಸ್ಟರ್ ಕಂಡುಹಿಡಿದರು. ಅದನ್ನ ಎಳೆ ಮಾಡಿದರೆ ಟೆರಿಲಿನ್, ಟೆರಿಕಾಟ್ ಅಂಗಿ. ತೆಳ್ಳಗೆ ಹಾಳೆ ಮಾಡಿದರೆ ಟೇಪ್ ರೆಕಾರ್ಡರ್ ಕ್ಯಾಸೆಟ್‌ನ ಪಟ್ಟಿ. ಅದೇ ಹಾಳೆಗೆ ಬಣ್ಣ ಕುಡಿಸಿ ಒಂದು ಬದಿಗೆ ಗೋಂದು ಸವರಿದರೆ ಕೂಲಿಂಗ್ ಪೇಪರ್. ಅಂದ್ರ ಅಪ್ಪನ ಮದುವೆಯ ಟೆರಿಕಾಟ್ ಅಂಗಿ, ಕ್ಯಾಸೆಟ್ಟು, ಕಾರಿನ ಕಪ್ಪು ಗಾಜು ಮೂರೂ ಒಂದೇ ಮನೆತನ.

ಕಿಟಕಿಯ ಬಿಸಿಲು ತಡೆಯೋ ಫಿಲ್ಮ್‌ಗೆ ಅಮೆರಿಕದ 3ಎಂ ಕಂಪನಿ ಪೇಟೆಂಟ್ ಪಡೆದಿದ್ದು 1966ರಲ್ಲಿ. ಅದು ಮೊದಲು ಬಂದಿದ್ದು ದೊಡ್ಡ ಕಟ್ಟಡಗಳ ಗಾಜಿಗೆ, ಕಾರಿಗೆ ಹತ್ತಿದ್ದು ಆಮೇಲೆ. ನಮ್ಮ ದೇಶದಲ್ಲಿ ಈ ಹೆಸರು ಗಟ್ಟಿ ಮಾಡಿದ್ದು ಔರಂಗಾಬಾದಿನ, ಈಗಿನ ಛತ್ರಪತಿ ಸಂಭಾಜಿನಗರದ, ಗರ್ವಾರೆ ಕಾರ್ಖಾನೆ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಮರುವರ್ಷ ಓಮ್ನಿ ವ್ಯಾನ್. ಗಾಜು ದೊಡ್ಡದು, ಒಳಗೆ ಜಾಗ ಸಣ್ಣದು, ಬಹಳ ಗಾಡಿಗಳಿಗೆ ಏಸಿ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ ರಾಣೆಬೆನ್ನೂರು ಸಂತೆಯ ಹತ್ತಿರ ಅರ್ಧ ತಾಸು ನಿಲ್ಲಿಸಿ ಬಂದರೆ ಸ್ಟೇರಿಂಗ್ ಮುಟ್ಟೋ ಹಾಗಿರಲಿಲ್ಲ. ಪೇಪರ್ ಹಚ್ಚಿಸದೆ ಏನು ಮಾಡ್ಬೇಕ್ರಿ?

ಭಾಗ 3

ಮನೆಯಲ್ಲೇ ಹಚ್ಚೋರೂ ಇದ್ದರು, ಈಗಲೂ ಇದ್ದಾರೆ. ಸಾಮಾನು ಬಹಳ ಇಲ್ಲ: ಸ್ಪ್ರೇ ಬಾಟಲಿಯಲ್ಲಿ ನೀರು, ಅದಕ್ಕೆ ನಾಲ್ಕು ಹನಿ ಶಾಂಪೂ, ಹೊಸ ಬ್ಲೇಡು, ನೀರು ಎಳೆಯೋ ರಬ್ಬರ್ ಪಟ್ಟಿ, ಹೇರ್ ಡ್ರೈಯರ್. ಗಾಜನ್ನ ಒಳಗಿನಿಂದ ತೊಳೀಬೇಕು, ಹೊರಗಿನಿಂದ ಅಳತೆ ಕತ್ತರಿಸಬೇಕು. ಹಿಂದಿನ ತೆಳು ಹಾಳೆ ಸುಲಿದು, ಗಾಜಿಗೂ ಗೋಂದಿಗೂ ಶಾಂಪೂ ನೀರು ಚೆನ್ನಾಗಿ ಹೊಡೆದು ಕೂರಿಸಬೇಕು. ಶಾಂಪೂ ಯಾಕೆ ಅಂದ್ರ, ಗೋಂದು ತಟ್ಟನೆ ಹಿಡೀಬಾರದು. ಜಾರಿಸಿ ಜಾರಿಸಿ ಅಂಚು ಸರಿ ಮಾಡಿಕೊಳ್ಳೋಕೆ ಸಮಯ ಸಿಗಬೇಕು. ಆಮೇಲೆ ನಡುವಿನಿಂದ ಅಂಚಿಗೆ ನೀರು ಎಳೀಬೇಕು. ಮುಗಿದ ಮೇಲೆ ಎರಡು ಮೂರು ದಿನ ಗಾಜು ಇಳಿಸಬಾರದು.

ಬಾಗಿಲಿನ ಗಾಜು ಸುಲಭ. ಸೋಲಿಸೋದು ಹಿಂದಿನ ಗಾಜು. ಅದು ಎರಡು ಕಡೆ ಬಾಗಿರ್ತದೆ, ಸಪಾಟ ಹಾಳೆ ಅದರ ಮೇಲೆ ಕೂರೋದಿಲ್ಲ, ಬೆರಳಿನಾಕಾರದ ಸುಕ್ಕು ಬರ್ತಾವ. ಬಿಸಿ ಗಾಳಿ ಕೊಟ್ಟು ಹಾಳೆಯನ್ನ ಕುಗ್ಗಿಸಿ ಆ ಬಾಗಿಗೆ ಹೊಂದಿಸಬೇಕು. ಸ್ವಲ್ಪ ಹೆಚ್ಚು ಕಾಯಿಸಿದರೆ ಹಾಳೆ ಮುದುಡ್ತದೆ. ಹಳೇ ಗಾಡಿಗಳ ಹಿಂದಿನ ಗಾಜಿನಲ್ಲಿ ಎರಡು ತುಂಡು ಜೋಡಿಸಿದ ಗೆರೆ ಕಂಡರೆ ತಿಳ್ಕೊಳ್ರಿ, ಹಚ್ಚಿದವರು ಸುಕ್ಕಿನ ಜೊತೆ ರಾಜಿ ಮಾಡಿಕೊಂಡಿದ್ದಾರೆ ಅಂತ.

ಇನ್ನೊಂದು ಶತ್ರು ಧೂಳು. ಒಂದು ಕಣ ಒಳಗೆ ಸಿಕ್ಕರೂ ಅದರ ಸುತ್ತ ಗುಳ್ಳೆ. ಮೆಣಸಿನಕಾಯಿ ಸೀಸನ್‌ನಲ್ಲಿ ಬ್ಯಾಡಗಿಯ ಗಾಳಿಯೇ ಘಾಟು, ಬಯಲಲ್ಲಿ ನಿಂತು ಈ ಕೆಲಸ ಮಾಡ್ತೀನಿ ಅನ್ನೋದು ಹಟ ಅಷ್ಟೇ.

ಬ್ಯಾಡಗಿ ಅಂದಮೇಲೆ ಬಣ್ಣದ ಮಾತು ಬರಲೇಬೇಕು. 2011ರಲ್ಲಿ ಜಿಐ ಮಾನ್ಯತೆ ಸಿಕ್ಕ ನಮ್ಮ ಮೆಣಸಿನಕಾಯಿಯ ಬೆಲೆ ಖಾರದ್ದಲ್ಲ, ಬಣ್ಣದ್ದು. ಆ ಬಣ್ಣ ಬೆಳಕಿಗೂ ಬಿಸಿಗೂ ಇಳೀತದೆ, ಅದಕ್ಕೇ ಊರ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್. ಅಗ್ಗದ ಕೂಲಿಂಗ್ ಪೇಪರ್‌ನ ಬಣ್ಣದ ಹಣೆಬರಹವೂ ಅದೇ. ವರ್ಷಾನುಗಟ್ಟಲೆ ಬಿಸಿಲು ಕುಡಿದ ಮೇಲೆ ಕಪ್ಪು ಹೋಗಿ ನೇರಳೆ ಆಗ್ತದೆ. ಬಣ್ಣಗಳ ಮಿಶ್ರಣದಲ್ಲಿ ಕೆಲವು ಬೇಗ ಸಾಯ್ತಾವ, ಉಳಿದವು ಒಟ್ಟಾಗಿ ನೇರಳೆ ಕಾಣ್ತಾವ.

ಇನ್ನು, ಕಪ್ಪಾದಷ್ಟೂ ತಂಪು ಅನ್ನೋದು ಅರ್ಧ ಸುಳ್ಳು. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಬರೀ ಬಣ್ಣ ಹಾಕಿದ ಹಾಳೆ ಮುಖ್ಯವಾಗಿ ಕಣ್ಣಿಗೆ ಕಾಣೋ ಬೆಳಕನ್ನ ಹೀರ್ತದೆ. ಹೀರಿದ್ದು ಎಲ್ಲಿ ಹೋಗ್ಬೇಕು? ಗಾಜು ಕಾಯ್ತದೆ, ಅದರಲ್ಲಿ ಒಂದು ಪಾಲು ಮತ್ತೆ ಒಳಗೇ ಬರ್ತದೆ. ಲೋಹದ ತೆಳು ಲೇಪ ಇದ್ದ ಹಾಳೆ, ಆಮೇಲೆ ಬಂದ ಸೆರಾಮಿಕ್ ಹಾಳೆ ಇವು ಕಾಣದ ಕಿರಣವನ್ನೂ ತಡೀತಾವ, ನೋಡೋಕೆ ಅಷ್ಟು ಕಪ್ಪೂ ಇರೋದಿಲ್ಲ. ಆದರೆ ನಮ್ಮ ಕಡೆ ಬಹಳ ಮಂದಿಗೆ ಬೇಕಾಗಿದ್ದು ಕಪ್ಪು. ಅಂಬಾಸಿಡರ್‌ನ ಪರದೆ ನೆನಪಾಯ್ತಲ್ಲ?

ಭಾಗ 4

ಈ ಭಾಗ ಸ್ವಲ್ಪ ನಿಧಾನ ಓದ್ರಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮ ಅಂತ ಒಂದಿದೆ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ. 50 ಬೆಳಕು ಹಾಯಬೇಕು, ಗಾಜು ಹಾಗೇ ಇರಬೇಕು, ಹಾಗೇ ಇಟ್ಟುಕೊಳ್ಳಬೇಕು ಅಂತ ಅದರ ಮಾತು. 23 ವರ್ಷ ಈ ನಿಯಮ ಪುಸ್ತಕದಲ್ಲಿತ್ತು, ರಸ್ತೆಯಲ್ಲಿ ಕಪ್ಪು ಗಾಜೂ ಇತ್ತು. ಒಂದಕ್ಕೊಂದು ಪರಿಚಯ ಇಲ್ಲದವರ ಹಾಗೆ.

ಆ ನಡುವೆ ಗಾಜಿನ ಅರ್ಥ ಬದಲಾಗಿತ್ತು. ಓಮ್ನಿ ಸಿನಿಮಾದಲ್ಲಿ ಬಂದರೆ ಯಾರನ್ನೋ ಎತ್ತಿಹಾಕ್ಕೊಂಡು ಹೋಗೋಕೇ ಅಂತ ಥಿಯೇಟರ್‌ನಲ್ಲಿ ಕೂತ ಮಗುವಿಗೂ ಗೊತ್ತಿತ್ತು. ಪಿ.ಬಿ. ರಸ್ತೆ ಚತುಷ್ಪಥ ಆಗಿ ಗಾಡಿಗಳ ವೇಗ ಏರಿತು. ಮೋಟೆಬೆನ್ನೂರು ಹತ್ತಿರ ರಸ್ತೆ ದಾಟೋ ಮುದುಕಿ ಡ್ರೈವರ್ ಮುಖ ನೋಡಿ ಹೆಜ್ಜೆ ಇಡ್ತಿದ್ದವಳು, ಈಗ ಕಪ್ಪು ಗಾಜು ನೋಡಿ ಊಹೆ ಮಾಡಬೇಕಾಯ್ತು. ಒಳಗಿದ್ದವರಿಗೂ ಅಷ್ಟೇ. ರಾತ್ರಿ ಹಿಂದಿನ ದೀಪ ಇಲ್ಲದ ಗೋವಿನಜೋಳದ ಟ್ರ್ಯಾಕ್ಟರ್ ಟ್ರೇಲರ್ ಅಡ್ಡರಸ್ತೆಯಿಂದ ಬಂದರೆ, ಪಕ್ಕದ ಕಪ್ಪು ಗಾಜಿನಲ್ಲಿ ಅದು ಕಾಣೋದು ತಡವಾಗ್ತದೆ. ಹಗಲಿನ ನೆರಳಿಗೆ ರಾತ್ರಿ ಬೆಲೆ ತೆರಬೇಕು.

ಕೋಲ್ಕತ್ತಾದ ಅವಿಷೇಕ್ ಗೋಯೆಂಕಾ ಅನ್ನೋವರು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕಪ್ಪು ಫಿಲ್ಮ್ ಅಪರಾಧಕ್ಕೆ ಮರೆಯಾಗಿದೆ, ಗಾಡಿಯೊಳಗೆ ಏನು ನಡೀತಿದೆ ಅಂತ ಯಾರಿಗೂ ಕಾಣೋದಿಲ್ಲ ಅನ್ನೋದು ಅವರ ವಾದ. 2012ರ ಏಪ್ರಿಲ್ 27ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರ ಪೀಠ ತೀರ್ಪು ಕೊಟ್ಟಿತು: ಮೇ 4ರಿಂದ ಯಾವ ಗಾಡಿಯ ಗಾಜಿಗೂ ಫಿಲ್ಮ್ ಅಂಟಿಸುವಂತಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬಹಳ ಜನ ಇವತ್ತಿಗೂ 'ಕೋರ್ಟ್ ಕಪ್ಪು ಪೇಪರ್ ಬ್ಯಾನ್ ಮಾಡ್ತು' ಅಂತಲೇ ಅಂದುಕೊಂಡಿದ್ದಾರೆ. ಕೋರ್ಟ್ ಹೇಳಿದ್ದು ಅದಕ್ಕಿಂತ ಕಠಿಣ. ಎಷ್ಟು ಬೆಳಕು ಬಿಡ್ತದೆ ಅನ್ನೋದು ಲೆಕ್ಕಕ್ಕೇ ಇಲ್ಲ, ಅಂಟಿಸಿದ್ದೇ ತಪ್ಪು. ನಿಯಮ ಮಾತಾಡೋದು ಗಾಜಿನ ಬಗ್ಗೆ, ಗಾಜಿನ ಮೇಲೆ ಹಚ್ಚಿದ್ದರ ಬಗ್ಗೆ ಅಲ್ಲ. ಕಾರ್ಖಾನೆಯಲ್ಲೇ ಗಾಜಿಗೆ ಬಣ್ಣ ಬೆರೆಸಿ 70, 50ರ ಒಳಗೆ ತರದಿದ್ದರೆ ಸರಿ, ಆಮೇಲೆ ನೀವು ಹಾಳೆ ಅಂಟಿಸಿದರೆ ಸರಿಯಲ್ಲ. ಪೊಲೀಸರು ದಂಡ ಹಾಕೋದಷ್ಟೇ ಅಲ್ಲ, ಅಲ್ಲೇ ನಿಂತು ಫಿಲ್ಮ್ ಕಿತ್ತುಹಾಕಬೇಕು ಅಂತಲೂ ಹೇಳಿತು. ಫಿಲ್ಮ್ ತಯಾರಿಸೋರು, ಮಾರೋರು ಮತ್ತೆ ಕೋರ್ಟಿಗೆ ಹೋದರು. ಅದೇ ಆಗಸ್ಟ್‌ನಲ್ಲಿ ಅವರಿಗೂ ಇಲ್ಲ ಅಂದಿತು.

ಏಪ್ರಿಲ್ 27, ಮೇ 4. ತಾರೀಖು ನೋಡ್ರಿ. ಸರೀ ಸುಡು ಬ್ಯಾಸಿಗಿ. ಒಂದು ವಾರ ಗಡುವು. ಹಚ್ಚೋ ಅಂಗಡಿಯವರಿಗೇ ಕೀಳೋ ಕೆಲಸ ಬಂತು. ಹಾಳೆ ಕಿತ್ತರೂ ಗೋಂದು ಗಾಜಿನಲ್ಲೇ ಉಳೀತದೆ. ಬ್ಲೇಡಿನಲ್ಲಿ ಕೆರೆದರೆ ಹಿಂದಿನ ಗಾಜಿನ ಡಿಫಾಗರ್ ಗೆರೆಗಳೂ ಎದ್ದು ಬರ್ತಾವ.

ಯಾರಿಗೆ ವಿನಾಯಿತಿ? ಝಡ್ ಮತ್ತು ಝಡ್ ಪ್ಲಸ್ ಭದ್ರತೆಯವರಿಗೆ, ಅದೂ ಸಮಿತಿ ಒಪ್ಪಿದರೆ. ಅಂಬಾಸಿಡರ್ ಪರದೆಯ ಕಾಲದಲ್ಲಿ ಮರೆ ಅನ್ನೋದು ಹುದ್ದೆಯ ಗುರುತಾಗಿತ್ತು. ಈಗ ಮೊದಲ ಸಲ ಅದಕ್ಕೆ ಕಾರಣ ಕೇಳೋ ಪದ್ಧತಿ ಬಂತು. ನನ್ನ ಪ್ರಕಾರ ಈ ತೀರ್ಪಿನ ದೊಡ್ಡ ಕೆಲಸ ಅದೇ, ಜಾರಿ ಎಷ್ಟಾಯ್ತು ಅನ್ನೋದು ಬೇರೆ ಮಾತು.

ಜಾರಿಯ ಮಾತಿಗೆ ಒಂದೇ ಉದಾಹರಣೆ ಸಾಕು. ತೀರ್ಪು ಬಂದು ಎಂಟು ತಿಂಗಳೂ ಆಗಿರಲಿಲ್ಲ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಆ ಹುಡುಗಿಯನ್ನ ಹತ್ತಿಸಿಕೊಂಡು ರಸ್ತೆ ರಸ್ತೆ ಸುತ್ತಿದ ಬಸ್ಸಿಗೆ ಕಪ್ಪು ಗಾಜೂ ಇತ್ತು, ಪರದೆಯೂ ಇತ್ತು. ಇದರ ಮೇಲೆ ಇನ್ನೇನು ಬರೆಯಲಿ.

ಭಾಗ 5

ಇನ್ನು ಈಗಿನ ಕಾಲ.

2020ರಲ್ಲಿ ಕೇಂದ್ರ ಸರ್ಕಾರ ಅದೇ 100ನೇ ನಿಯಮ ತಿದ್ದಿತು. 2021ರ ಏಪ್ರಿಲ್ 1ರಿಂದ ಜಾರಿ. ಮೊದಲು ಬರೀ 'ಸುರಕ್ಷಾ ಗಾಜು' ಅಂತಿದ್ದಲ್ಲಿ ಈಗ 'ಸೇಫ್ಟಿ ಗ್ಲೇಜಿಂಗ್' ಅನ್ನೋ ಮಾತೂ ಸೇರಿತು. ಆ ಮಾತಿಗೆ ಸಂಬಂಧಿಸಿದ ಭಾರತೀಯ ಮಾನದಂಡದಲ್ಲಿ ಗಾಜಿನ ಒಳಬದಿಗೆ ಪ್ಲಾಸ್ಟಿಕ್ ಪದರ ಇರೋ ಗಾಜಿಗೂ ಜಾಗ ಇದೆ. ಎರಡು ಶಬ್ದದ ಸಂದಿಯಲ್ಲಿ ಕೂಲಿಂಗ್ ಪೇಪರ್ ಮತ್ತೆ ಒಳಗೆ ತಲೆ ಹಾಕಿತು.

2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಎನ್. ನಗರೇಶ್ ಹೇಳಿದ್ದು ಇದನ್ನೇ: ನಿಯಮ ಬದಲಾಗಿದೆ, 70 ಮತ್ತು 50 ಉಳಿಸಿಕೊಂಡು ಮಾನದಂಡದ ಫಿಲ್ಮ್ ಹಾಕಿದರೆ ದಂಡ ಹಾಕುವಂತಿಲ್ಲ, ಅದನ್ನ ಕಂಪನಿಯೇ ಹಾಕಿರಬೇಕು ಅಂತಲೂ ಇಲ್ಲ. ಆದರೆ ಇದು ಕೇರಳದ ತೀರ್ಪು, ನಮ್ಮ ಧಾರವಾಡ ಪೀಠದ್ದಲ್ಲ. ಟೋಲ್ ಹತ್ತಿರ ಕೈ ಅಡ್ಡ ಹಿಡಿದವರ ಮುಂದೆ ಫೋನಿನಲ್ಲಿ ಇದನ್ನ ತೋರಿಸಿ ವಾದ ಮಾಡೋಕೆ ಹೊರಟವರು ಅರ್ಧ ದಿನ ಕೈಯಲ್ಲಿಟ್ಟುಕೊಂಡು ಹೋಗೋದು ಒಳ್ಳೇದು. ದಂಡ 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕರೆ 1,500. ಅದಕ್ಕೂ ಮೊದಲು 100 ಮತ್ತು 300 ಇತ್ತು.

ಮನೆಯಲ್ಲಿ ಹಚ್ಚೋರು ಎಡವೋದು ಲೆಕ್ಕದಲ್ಲಿ. ಡಬ್ಬಿ ಮೇಲೆ ಶೇ. 50 ಅಂತ ಬರೆದಿದೆ, ಪಕ್ಕದ ಗಾಜಿಗೆ 50 ಸಾಕು, ಹಂಗಾದ್ರ ಸರಿ ಅಂತಾರೆ. ಸರಿ ಅಲ್ಲ. ಗಾಜು ತಾನೇ ಒಂದಷ್ಟು ಬೆಳಕು ನುಂಗಿರ್ತದೆ. ನಿಮ್ಮ ಗಾಜು ಶೇ. 80 ಬಿಡ್ತದೆ ಅನ್ನಿ. ಅದರ ಮೇಲೆ 50ರ ಹಾಳೆ ಹಚ್ಚಿದರೆ 80ರಲ್ಲಿ ಅರ್ಧ, 40. ನಿಯಮ ಮುರೀತು. 60ರ ಹಾಳೆ ಹಚ್ಚಿದರೂ 48. 70ರದ್ದು ಹಚ್ಚಿದರೆ 56, ಪಾಸ್. ಮುಂದಿನ ಗಾಜಿಗೆ ಬೇಕಿರೋದು 70, ಅಲ್ಲಿ 90ರ ಹಾಳೆ ಹಚ್ಚಿದರೆ 72, ಕೂದಲೆಳೆಯಲ್ಲಿ ಪಾಸ್. 90 ಅಂದ್ರ ಹೆಚ್ಚುಕಡಿಮೆ ಬಿಳಿ ಹಾಳೆ. ಅಂದ್ರ ಇವತ್ತು ಕಾಯ್ದೆಯೊಳಗೆ ಉಳಿಯೋ ಕೂಲಿಂಗ್ ಪೇಪರ್ ಹೊರಗಿನಿಂದ ನೋಡಿದರೆ ಇದೆ ಅಂತಲೇ ಗೊತ್ತಾಗಬಾರದು. ಬಿಸಿಲಿಗೆ ಬೇಕಾದವರು ಸೆರಾಮಿಕ್‌ಗೆ ದುಡ್ಡು ಕೊಟ್ಟು ಇದನ್ನ ಒಪ್ಪಿಕೊಳ್ತಾರೆ. ಮರೆಗೆ ಬೇಕಾದವರಿಗೆ ಇದು ಯಾಕೂ ಬೇಡ. ಅಂಗಡಿಯವರು ಮೊದಲು ಕೇಳೋ ಪ್ರಶ್ನೆಯೇ "ಎಷ್ಟು ಡಾರ್ಕ್ ಬೇಕ್ರಿ?" ಅಂತ ಇದ್ದರೆ, ಅಲ್ಲಿ ಇನ್ನೂ 2012ರ ಹಿಂದಿನ ಕಾಲವೇ ನಡೀತಿದೆ.

ಕೊನೆಯ ಫೋಟೋ ದೊಡ್ಡದು ಮಾಡಿ ನೋಡ್ರಿ. ಹಳೇ ಓಮ್ನಿಯ ಪಕ್ಕದ ಗಾಜು. ನಡುವೆ ಪೂರ್ತಿ ತಿಳಿ, ಹೊರಗಿನ ಬೇವಿನ ಮರ ಸ್ಪಷ್ಟ ಕಾಣ್ತದೆ. ರಬ್ಬರ್ ಅಂಚಿನೊಳಗೆ ಮಾತ್ರ, ಬ್ಲೇಡ್ ಹೋಗದ ಸಂದಿಯಲ್ಲಿ, ಅರ್ಧ ಬೆರಳು ಅಗಲದ ಒಂದು ನೇರಳೆ ಗೆರೆ ಉಳಿದಿದೆ.

#ಕೂಲಿಂಗ್‌ಪೇಪರ್ #ಪಿಬಿರಸ್ತೆ #ಹಾವೇರಿ #ರಾಣೆಬೆನ್ನೂರು #ಬ್ಯಾಡಗಿ #ರಸ್ತೆಇತಿಹಾಸ