ಮೈಲಿಗೆಯ ಪರೀಕ್ಷೆ, ಮಾಲಿನ್ಯದ ಪರೀಕ್ಷೆ



ಮೊನ್ನೆ ನಮ್ಮೂರ ಕೆರೆ ಏರಿ ಮೇಲೆ ಒಂದು ಜೀಪು ನಿಂತಿತ್ತು. ಇಬ್ಬರು ಹುಡುಗರು ಇಳಿದು ಬಾಟಲಿಗೆ ನೀರು ತುಂಬಿ, ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಗೆ ಇಟ್ಟರು. ಯಾವುದೋ ಕ್ವಾರಿಗೆ ಪರಿಸರ ವರದಿ ಬರೆಯೋ ಕನ್ಸಲ್ಟೆನ್ಸಿಯವರಂತೆ. "ನಮ್ಮ ಕೇರಿ ಬೋರ್‌ವೆಲ್ ನೀರೂ ತಗೊಳ್ರಪ್ಪ" ಅಂದೆ. "ಅದು ಲಿಸ್ಟಲ್ಲಿಲ್ಲ ಸಾರ್" ಅಂದ್ರು, ಹೊರಟ್ರು.

ನೀರು ಕೆಟ್ಟಿದೆಯಾ ಅಂತ ನೋಡೋ ಪರೀಕ್ಷೆ ಈ ದೇಶಕ್ಕೆ ಹೊಸದೇನಲ್ಲ. ಬಾಟಲಿ ಬರೋಕೆ ಮುಂಚೆ ಒಂದೇ ಅಳತೆ ಇತ್ತು: ಯಾರು ಮುಟ್ಟಿದ್ರು? ಕೊಳ್ಳೇಗಾಲ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಹನೂರೂ ಅದರೊಳಗೇ. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು. ದೊರೆಗಳು ಬೇರೆ ಬೇರೆ, ಬಾವಿಯ ಕಟ್ಟಳೆ ಮಾತ್ರ ಒಂದೇ. ನಮ್ಮಜ್ಜಿ ಬಿಂದಿಗೆ ಇಟ್ಕೊಂಡು ದೂರ ಕೂತಿರೋದಂತೆ, ಯಾರಾದ್ರೂ ಬಂದು ಮೇಲಿಂದ ಹುಯ್ಯೋ ತನಕ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಕೊಡ ಸುರಿದು ಕೆರೆ 'ಶುದ್ಧಿ' ಮಾಡಿದರು. ಇವತ್ತಿನ ಲ್ಯಾಬಿಗೆ ಆ ನೀರು ಕಳಿಸಿದ್ದರೆ ಮಾಲಿನ್ಯ ಶುರುವಾದದ್ದು ಶುದ್ಧಿ ಆದಮೇಲೆ ಅಂತ ರಿಪೋರ್ಟ್ ಬರ್ತಿತ್ತು! ಕೇಸು ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರ ಮುಗಿದದ್ದು 1937ರಲ್ಲಿ.

ಹಳೇ ಕತೆ ಅನ್ಬೇಡಿ. ನಮ್ಮದೇ ಚಾಮರಾಜನಗರದ ಹೆಗ್ಗೊಠಾರದಲ್ಲಿ 2022ರ ನವೆಂಬರಿನಲ್ಲಿ, ಮದುವೆಗೆ ಬಂದ ದಲಿತ ಹೆಣ್ಣುಮಗಳು ತೊಂಬೆ ನೀರು ಕುಡಿದಳು ಅಂತ ತೊಂಬೆ ಖಾಲಿ ಮಾಡಿ ಗಂಜಲ ಹಾಕಿ ತೊಳೆದರು.

ಇನ್ನು ಸರ್ಕಾರದ ಪರೀಕ್ಷೆ. ಜಲ ಕಾಯ್ದೆ ಬಂದದ್ದು 1974ರಲ್ಲಿ, ನಮ್ಮ ರಾಜ್ಯದ ಮಾಲಿನ್ಯ ಮಂಡಳಿಯೂ ಅದೇ ವರ್ಷದ್ದು. ಲೀಟರಿಗೆ 3 ಮಿಲಿಗ್ರಾಂಗಿಂತ ಹೆಚ್ಚು ಬಿಒಡಿ ಇದ್ದರೆ, ಅಂದ್ರೆ ಕೊಳೆ ತಿನ್ನೋ ಸೂಕ್ಷ್ಮಜೀವಿಗಳು ಅಷ್ಟು ಆಮ್ಲಜನಕ ಹೀರ್ತಿದ್ದರೆ, ಆ ನದಿ ಭಾಗ ಮಲಿನ. 2018ರ ಕೇಂದ್ರ ಮಂಡಳಿ ಪಟ್ಟಿಯಲ್ಲಿ ಕರ್ನಾಟಕದ 17 ನದಿ ಭಾಗಗಳಿದ್ದವು, ಕಾವೇರಿ ಕಬಿನಿ ಎರಡೂ ಸೇರಿ. ನಂಜನಗೂಡಿನ ಕಾರ್ಖಾನೆ ಸಾಲು ದಾಟಿ ಬರೋ ಕಬಿನಿ, ತಿ. ನರಸೀಪುರದಲ್ಲಿ ಕಾವೇರಿ ಸೇರಿ ಕೊಳ್ಳೇಗಾಲಕ್ಕೆ ಬರುತ್ತೆ. ಯಳಂದೂರು ದಾಟಿದ ಸುವರ್ಣಾವತಿಯೂ ಕೊನೆಗೆ ಅಲ್ಲಿಗೇ.

ಈ ಅಳತೆಗೆ ಜಾತಿ ಗೊತ್ತಿಲ್ಲ, ಅದಕ್ಕೇ ನಾನು ಅದರ ಪರ. ಆದರೆ ಬಾಟಲಿ ಎಲ್ಲಿ ಮುಳುಗಿಸಬೇಕು ಅಂತ ಹೇಳೋನಿಗೆ ಗೊತ್ತಿರುತ್ತೆ. 2006ರ ಇಐಎ ಅಧಿಸೂಚನೆ ಪ್ರಕಾರ ಕನ್ಸಲ್ಟೆಂಟ್‌ನ ನೇಮಿಸಿ ದುಡ್ಡು ಕೊಡೋನು ಯೋಜನೆ ಮಾಡೋನೇ. ಅಳತೆ ಸಾಮಾನ್ಯವಾಗಿ ಒಂದೇ ಋತುವಿನದು, ಅದೂ ಮಳೆಗಾಲ ಬಿಟ್ಟು. ನಮ್ಮ ಕಡೆ ಕಲ್ಲುಪುಡಿ, ಹೊಲದ ಔಷಧಿ ಕೆರೆಗೆ ಇಳಿಯೋದೇ ಮಳೇಲಿ ಕಣ್ರಪ್ಪ. ಭಾರಲೋಹ ಹೂಳಿನಲ್ಲಿ ಕೂತಿರುತ್ತೆ, ಮೇಲಿನ ತಿಳಿನೀರು ತುಂಬ್ಕೊಂಡು ಹೋದ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಆ ಕೆರೆಯ ಮೀನು ತಿನ್ನೋರು, ತೂಬಿನ ಹೂಳು ಎತ್ತೋರು ಯಾರು ಅನ್ನೋ ಕಾಲಂ ಮಾತ್ರ ನಾನು ಓದಿದ ಯಾವ ವರದಿಯಲ್ಲೂ ಸಿಕ್ಕಿಲ್ಲ.

ಕೇರಿಯವರೆಲ್ಲ ಸೇರಿ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೀವಿ: ಮೊದಲ ಮಳೆ ಆದಮೇಲೆ ಮತ್ತೆ ನೀರು ತೆಗೀರಿ, ಹೂಳೂ ತೆಗೀರಿ, ನಮ್ಮ ಬೋರ್‌ವೆಲ್ಲನ್ನ ಲಿಸ್ಟಿಗೆ ಸೇರಿಸಿ. ಸಾರ್ವಜನಿಕ ಅಹವಾಲಿಗೆ ದಿನ ಗೊತ್ತಾದ ಕೂಡಲೇ ಇಲ್ಲೇ ಹಾಕ್ತೀನಿ, ಹತ್ತಿರದೋರು ಬನ್ನಿ.