ಹೆಣ್ಣುಮಕ್ಕಳ ಕವಲು: ನಿಂಬರ್ಗಾ ಸೀಮೆಯಲ್ಲಿ ಸ್ನಾಯುಕ್ಷಯದ ಮಗು

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿಗೆ ಸೇರಿದ ನಿಂಬರ್ಗಾ ಮತ್ತು ಅದರ ಆಸುಪಾಸಿನ ಅಫಜಲಪುರ, ಜೇವರ್ಗಿ ಸೀಮೆಯೂ ಸೇರಿದಂತೆ ಉತ್ತರ ಕರ್ನಾಟಕದ ಒಕ್ಕಲು ಮನೆತನಗಳ ಪೂರ್ವಿಕರ ಹೆಸರುಗಳನ್ನು ಕಾಪಾಡಿಕೊಂಡು ಬಂದವರು ಹೆಳವರು. ಎತ್ತನ್ನೇರಿ ಗಂಟೆ ಬಾರಿಸುತ್ತ ಬಂದು, ಮನೆತನದ ವಂಶಾವಳಿಯನ್ನು ಹೇಳಿ ಕಾಳುಕಡಿ ಪಡೆಯುತ್ತಿದ್ದ ಈ ಸಮುದಾಯದ ಮೂಲಪುರುಷನಿಗೆ ಕಾಲಿನಲ್ಲಿ ಬಲವಿರಲಿಲ್ಲವೆಂದೂ ಬಸವಣ್ಣನು ಅವನಿಗೆ ಎತ್ತನ್ನು ಕೊಟ್ಟನೆಂದೂ ಐತಿಹ್ಯವಿದೆ. ಆ ವಂಶಾವಳಿಯು ಮುಖ್ಯವಾಗಿ ತಂದೆಯಿಂದ ಮಗನಿಗೆ ಇಳಿಯುವುದರಿಂದ, ಕೊಟ್ಟ ಮನೆಗೆ ಹೋದ ಹೆಣ್ಣುಮಗಳ ಕವಲು ಅದರಲ್ಲಿ ಮುಂದುವರಿಯುವುದಿಲ್ಲ. ಗಂಡುಮಕ್ಕಳ ಸ್ನಾಯುಗಳನ್ನು ಬಾಲ್ಯದಿಂದಲೇ ಕರಗಿಸುವ ಡ್ಯುಷೆನ್ ಸ್ನಾಯುಕ್ಷಯವು ಹೆಚ್ಚಾಗಿ ಆ ಕವಲಿನಲ್ಲೇ ಸಾಗುತ್ತದೆ. ತಾಯಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಕಾಣಿಸದಿದ್ದರೂ ದೋಷವುಳ್ಳ ವಂಶವಾಹಿಯು ಅವಳಿಂದ ಮಗನಿಗೆ ಬರುತ್ತದೆ. ಸೋದರಮಾವನನ್ನು ಬಾಧಿಸಿದ ರೋಗವೇ ಸೋದರಳಿಯನನ್ನೂ ಹಿಡಿದಿದೆಯೆಂದು ಕಾಣಬೇಕಾದರೆ ಎರಡು ಮನೆತನಗಳ ನೆನಪನ್ನು ಜೋಡಿಸಬೇಕಾಗಿತ್ತು. ಒಂದೊಂದೇ ಮನೆತನವನ್ನು ಹಿಡಿದು ಸಾಗುವ ವಂಶಾವಳಿ ಅದಕ್ಕೆ ಒದಗುವಂತಿರಲಿಲ್ಲ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಮೆರಿಯನ್ ಈ ರೋಗವು ಹೆಣ್ಣುಮಕ್ಕಳ ಮೂಲಕ ಸಾಗಿ ಗಂಡುಮಕ್ಕಳಲ್ಲಿ ಪ್ರಕಟವಾಗುವುದನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗುರುತಿಸಿದ್ದರೂ, ಅದಕ್ಕೆ ಉಳಿದದ್ದು ಆನಂತರ ವಿವರವಾಗಿ ಬರೆದ ಫ್ರೆಂಚ್ ವೈದ್ಯ ಡ್ಯುಷೆನ್‌ನ ಹೆಸರು.

ರೋಗದ ಆರಂಭವು ಮನೆಯವರನ್ನು ಮೋಸಗೊಳಿಸುವಂಥದು. ಮಗುವಿನ ಮೀನಖಂಡಗಳು ದಪ್ಪಗಾಗುವುದರಿಂದ ಕಾಲು ಗಟ್ಟಿಯಾಗಿದೆಯೆಂದೇ ತೋರುತ್ತದೆ. ಆದರೆ ಆ ತುಂಬು ಕೊಬ್ಬಿನದು ಮತ್ತು ನಾರಿನಂಥ ಅಂಗಾಂಶದ್ದು. ಮೂರರಿಂದ ಐದರ ವಯಸ್ಸಿನಲ್ಲಿ ಮಗು ತುದಿಗಾಲಲ್ಲಿ ನಡೆಯುತ್ತದೆ, ಪದೇಪದೇ ಬೀಳುತ್ತದೆ, ನೆಲದಿಂದ ಏಳುವಾಗ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ ತನ್ನ ಮೈಯನ್ನು ತಾನೇ ಹತ್ತಿದಂತೆ ಮೇಲೇಳುತ್ತದೆ. 1879ರಲ್ಲಿ ಇದನ್ನು ವಿವರಿಸಿದ ವೈದ್ಯನ ನೆನಪಿಗೆ ಈ ಲಕ್ಷಣವನ್ನು ಗೋವರ್ಸ್ ಚಿಹ್ನೆ ಎನ್ನುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಹನ್ನೆರಡರ ಹೊತ್ತಿಗೆ ನಡಿಗೆ ನಿಲ್ಲುತ್ತದೆ. ಎತ್ತರದ ಹೊಸ್ತಿಲು, ಕಟ್ಟೆ, ಕುಕ್ಕರಗಾಲಿನ ಶೌಚಾಲಯ, ಮಳೆ ಬಿದ್ದೊಡನೆ ಗಾಲಿಕುರ್ಚಿಯ ಗಾಲಿಗೆ ಮೆತ್ತಿಕೊಳ್ಳುವ ಎರೆಮಣ್ಣು, ಇವೆಲ್ಲ ಆಗ ಮಗುವಿನ ದಿನಚರಿಯನ್ನು ನಿರ್ಧರಿಸುತ್ತವೆ. ಸ್ನಾನಕ್ಕೆ ಎತ್ತಿ ಒಯ್ಯುವುದು, ಜೋಳದ ರೊಟ್ಟಿಯನ್ನು ತೊಗರಿಬೇಳೆಯಲ್ಲಿ ನೆನೆಸಿ ಉಣಿಸುವುದು, ಹೊರಳಲಾಗದ ಮೈಯನ್ನು ರಾತ್ರಿ ಹಲವು ಸಲ ಮಗ್ಗುಲು ಬದಲಿಸಿ ಮಲಗಿಸುವುದು ಬಹುತೇಕ ತಾಯಿಯ ಪಾಲಿನ ಕೆಲಸಗಳು; ಮಗನ ತೂಕ ಏರಿದಂತೆ ಅವಳ ವಯಸ್ಸೂ ಏರುತ್ತದೆಂಬುದು ವೈದ್ಯಗ್ರಂಥಗಳಲ್ಲಿ ಅಪರೂಪಕ್ಕೆ ಕಾಣುವ ಮಾತು.

ಗುಣವಾಗದ ಕಾಯಿಲೆಗೆ ಈ ಸೀಮೆಯ ಜನ ಮೊರೆಹೋಗುತ್ತಿದ್ದುದು ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದ ದತ್ತ ಕ್ಷೇತ್ರಕ್ಕೆ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ. 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಈ ಜಿಲ್ಲೆಗೆ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ. ನರ ಮತ್ತು ಸ್ನಾಯುರೋಗಗಳ ವಿಶೇಷ ತಪಾಸಣೆಗೆ ನಿಮ್ಹಾನ್ಸ್‌ವರೆಗೆ, ಅಂದರೆ ಬೆಂಗಳೂರಿನವರೆಗೆ, ಹೋಗಬೇಕಾಗಿತ್ತು. ಸ್ನಾಯುಕೋಶದ ಪೊರೆಯನ್ನು ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಕೊರತೆಯೇ ರೋಗಕ್ಕೆ ಕಾರಣವೆಂಬುದು 1987ರಲ್ಲಿ ತಿಳಿಯಿತು. ಸ್ಟಿರಾಯ್ಡ್ ಔಷಧಗಳು ನಡಿಗೆಯ ಅವಧಿಯನ್ನು ಹೆಚ್ಚಿಸಿವೆ, ಉಸಿರಾಟ ಹಾಗೂ ಹೃದಯದ ಆರೈಕೆಯು ಆಯುಷ್ಯವನ್ನು ಹೆಚ್ಚಿಸಿದೆ.

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿಯೇ ಈ ರೋಗಕ್ಕೆ ಕಾರಣವೆಂಬ ಮಾತು ಆಗಾಗ ಕೇಳಿಬರುತ್ತದೆ. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕೆಲವು ಬಗೆಯ ಸ್ನಾಯುಕ್ಷಯಗಳ ಮಟ್ಟಿಗೆ ಅದರಲ್ಲಿ ಹುರುಳಿದೆ. ಡ್ಯುಷೆನ್ ಬಗೆಗೆ ಅದು ಸಲ್ಲುವುದಿಲ್ಲ.

ಅಂಗವಿಕಲರ 1995ರ ಕಾಯ್ದೆಯು ಪಟ್ಟಿಮಾಡಿದ ಏಳು ವರ್ಗಗಳಲ್ಲಿ ಸ್ನಾಯುಕ್ಷಯದ ಹೆಸರಿರಲಿಲ್ಲ. 2016ರ ಕಾಯ್ದೆಯ ಇಪ್ಪತ್ತೊಂದರಲ್ಲಿ ಅದು ಸೇರಿತು. ತೀವ್ರ ವೈಕಲ್ಯವುಳ್ಳ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿತಾದರೂ, ಪಾಠವು ಮನೆಗೆ ಬಂದಾಗ ಓರಗೆಯವರ ಒಡನಾಟ ಶಾಲೆಯಲ್ಲೇ ಉಳಿಯುತ್ತದೆ. ಈಗ ರಕ್ತದ ವಂಶವಾಹಿ ಪರೀಕ್ಷೆಯಿಂದ ತಾಯಿ ರೋಗವಾಹಕಳೇ ಎಂಬುದನ್ನು ತಿಳಿಯಬಹುದು. ಸುಮಾರು ಮೂರನೇ ಒಂದು ಪ್ರಕರಣಗಳಲ್ಲಿ ದೋಷವು ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ತಾಯಿ ವಾಹಕಳೆಂದು ಗೊತ್ತಾದರೆ ಅವಳ ಅಕ್ಕತಂಗಿಯರಿಗೂ ಹೆಣ್ಣುಮಕ್ಕಳಿಗೂ ತಿಳಿಸಬೇಕಾಗುತ್ತದೆ, ಆದರೆ ಸಂಬಂಧ ಕುದುರಿಸುವ ಹೊತ್ತಿನಲ್ಲಿ ಯಾವ ಮನೆಯೂ ಸುಲಭವಾಗಿ ಹೊರಗೆಡಹದ ಸುದ್ದಿ ಅದು.