ಮಾಸೆಯೋ ಮಸ್ಸೆಯೋ

ಜರ್ಮನ್ ಭಾಷೆಯಲ್ಲಿ ‘ಮಾಸೆ’ ಎಂದರೆ ಅಳತೆಗಳು, ‘ಮಸ್ಸೆ’ ಎಂದರೆ ರಾಶಿ. ‘ಇನ್ ಮಾಸನ್’ ಕುಡಿದವನು ಮಿತವಾಗಿ ಕುಡಿದವನು. ‘ಇನ್ ಮಸ್ಸನ್’ ಕುಡಿದವನು ಕೊಡಗಟ್ಟಲೆ ಕುಡಿದವನು. ಬರಹದಲ್ಲಿ ಇವೆರಡನ್ನು ಬೇರೆಯಾಗಿ ಉಳಿಸಿರುವುದು ಎಸ್‌ತ್ಸೆಟ್ ಎಂಬ ಒಂದೇ ಅಕ್ಷರ. ಹಳೆಯ ಅಚ್ಚಿನಲ್ಲಿ ಎರಡು ಅಕ್ಷರ ಬೆಸೆದು ಹುಟ್ಟಿದ ಇದು ನಮ್ಮ ಒತ್ತಕ್ಷರಗಳ ದೂರದ ನೆಂಟ. 1996ರ ಕಾಗುಣಿತ ಸುಧಾರಣೆ ಇದರ ಕೆಲಸವನ್ನು ಖಚಿತಗೊಳಿಸಿತು: ದೀರ್ಘಸ್ವರದ ಮುಂದೆ ಎಸ್‌ತ್ಸೆಟ್, ಹ್ರಸ್ವದ ಮುಂದೆ ಎರಡು ಎಸ್. ಅಂದರೆ ಅದು ಬರಿಯ ಅಲಂಕಾರವಲ್ಲ, ಹಿಂದಿನ ಸ್ವರವನ್ನು ಎಷ್ಟು ಎಳೆಯಬೇಕೆಂದು ಓದುಗನಿಗೆ ಹೇಳುವ ಗುರುತು.

ಪದದ ಮೊದಲಿಗೆ ಎಂದೂ ಬಾರದ ಈ ಅಕ್ಷರಕ್ಕೆ ದೊಡ್ಡಕ್ಷರದ ರೂಪ ಬಹುಕಾಲ ಇರಲಿಲ್ಲ. ಫಲಕ, ತಲೆಬರಹಗಳನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುವಾಗ ಎರಡು ಎಸ್ ಹಾಕುವುದು ರೂಢಿಯಾಯಿತು. ಗಣಕದಲ್ಲಿ ಅಕ್ಷರಗಳಿಗೆ ಸ್ಥಾನ ಗೊತ್ತುಮಾಡುವ ಯೂನಿಕೋಡ್‌ನ ನಿಯಮವೂ ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆಗಳೂ ಇಂದಿಗೂ ಹಾಗೆಯೇ ಮಾಡುತ್ತವೆ. ಬೀದಿ ಎಂಬರ್ಥದ ‘ಶ್ಟ್ರಾಸೆ’ಯ ಆರು ಅಕ್ಷರ ಏಳಾಗುತ್ತದೆ. ಅದನ್ನು ಮತ್ತೆ ಸಣ್ಣಕ್ಷರಕ್ಕೆ ತಂದರೆ ಎರಡು ಎಸ್ ಅಲ್ಲೇ ಕೂತಿರುತ್ತವೆ, ಎಸ್‌ತ್ಸೆಟ್ ಮರಳುವುದಿಲ್ಲ. ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ಜರ್ಮನ್ ಸ್ವರಗಳಿಗೆ ಈ ಗತಿಯಿಲ್ಲ. ಅಕ್ಷರದ ಗಾತ್ರ ಬದಲಿಸುತ್ತೇನೆಂದು ಹೇಳುವ ಆಜ್ಞೆ ಕಾಗುಣಿತವನ್ನೇ ಬದಲಿಸಕೂಡದು ಎಂಬುದು ನನ್ನ ವಾದ. ಎಸ್‌ತ್ಸೆಟ್ ಇರುವ ‘ಗ್ರೋಸ್’ ಮತ್ತು ಎರಡು ಎಸ್ ಇರುವ ‘ಗ್ರೊಸ್’ ಬೇರೆ ಬೇರೆ ಮನೆತನದ ಹೆಸರುಗಳು. ದೊಡ್ಡಕ್ಷರದಲ್ಲಿ ಎರಡೂ ಒಂದಾಗಿಬಿಡುತ್ತವೆ.

ದೊಡ್ಡ ಎಸ್‌ತ್ಸೆಟ್ ನಿನ್ನೆ ಮೊನ್ನೆಯ ಕೃತಕ ಸೃಷ್ಟಿ ಎನ್ನುವವರಿದ್ದಾರೆ. ಆದರೆ 1957ರಲ್ಲಿ ಲೈಪ್ಜಿಗ್‌ನಿಂದ ಬಂದ ಡೂಡನ್ ನಿಘಂಟಿನ ಹೊದಿಕೆಯ ಮೇಲೆಯೇ ಅದು ಅಚ್ಚಾಗಿತ್ತು. ಯೂನಿಕೋಡ್ 2008ರಲ್ಲಿ ಅದಕ್ಕೆ ಸ್ವಂತ ಸ್ಥಾನ ಕೊಟ್ಟಿತು, ಜರ್ಮನ್ ಕಾಗುಣಿತ ಮಂಡಳಿ 2017ರಲ್ಲಿ ಅಧಿಕೃತವಾಗಿ ಒಪ್ಪಿತು. ರೂಢಿ ಮುರಿದರೆ ಹುಡುಕಾಟ ಕೆಡುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೂ ಗಾತ್ರಭೇದ ಎಣಿಸದೆ ಪದಗಳನ್ನು ಹೋಲಿಸುವ ಯೂನಿಕೋಡ್ ವಿಧಾನ ಸಣ್ಣ, ದೊಡ್ಡ ಎಸ್‌ತ್ಸೆಟ್‌ಗಳೆರಡನ್ನೂ ಎರಡು ಎಸ್‌ಗೆ ಸಮನೆಂದೇ ಎಣಿಸುತ್ತದೆ; ಆ ವಿಧಾನ ಪಾಲಿಸುವ ಹುಡುಕಾಟಕ್ಕೆ ತೊಡಕಿಲ್ಲ. ಸ್ವಿಸ್ ಜರ್ಮನ್ನರು ಎಸ್‌ತ್ಸೆಟ್ ಬಳಸುವುದೇ ಇಲ್ಲವಾದ್ದರಿಂದ ಅವರ ಬರಹಕ್ಕೆ ಇದು ತಟ್ಟದು. ಹಳೆಯ ಫಾಂಟುಗಳಲ್ಲಿ ಆ ರೂಪ ಇಲ್ಲದಿರಬಹುದು, ನಿಜ. ಅಂಥ ಕಡೆಗಷ್ಟೇ ಎರಡು ಎಸ್ ಆಯ್ಕೆಯಾಗಿ ಉಳಿಯಲಿ. ಜರ್ಮನ್ ಎಂದು ಗುರುತಿಸಿದ ಬರಹಕ್ಕೆ ದೊಡ್ಡ ಎಸ್‌ತ್ಸೆಟ್ಟನ್ನೇ ಮೊದಲ ಉತ್ತರವಾಗಿ ಕೊಡಿ ಎಂದು ತಂತ್ರಾಂಶ ಬರೆಯುವವರನ್ನು ಕೇಳಿಕೊಳ್ಳುತ್ತೇನೆ.